ಅಸ್ತವಾಗದ ಶುಕ್ರ

ಕ್ಯಾಮೆರಾಕ್ಕೆ ತೊಡಿಸುವ ಬೆಳಕುಜರಡಿಯ ಬೆಲೆಗೆ ಹಾಲು ಕರೆಯುವ ಎಮ್ಮೆಯೊಂದು ಬರುತ್ತಿತ್ತು. ಆ ಖರ್ಚಿನ ಜೊತೆಗೆ ಬಿಸಿಲಿಗೆ ಬೊಬ್ಬೆ ಎದ್ದ ಕುತ್ತಿಗೆ, ಹೆಂಡತಿಯ ಮಾತು ಬೇರೆ. ಆದರೂ ಗದಗಿನ ಮದುವೆ ಫೋಟೋಗ್ರಾಫರ್ ವಿಠ್ಠಲಸಾ ನಡುಮಧ್ಯಾಹ್ನ ತಾರಸಿಯಲ್ಲಿ ಕೊಡೆಯ ಕೆಳಗೆ ಕುಳಿತು ಜರಡಿ ತೊಡಿಸಿದ ಕ್ಯಾಮೆರಾವನ್ನು ಸೂರ್ಯನತ್ತ ತಿರುಗಿಸಿದ್ದ. ಪರದೆಯ ಮೇಲೆ ಆಕಾಶ ಕಪ್ಪಾಯಿತು. ಕಲೆಗಳಿದ್ದ ಸೂರ್ಯ ಕಾಣಿಸಿದ. ಸ್ವಲ್ಪ ದೂರದಲ್ಲಿ, ಸಾಸಿವೆಯಷ್ಟು, ಶುಕ್ರ.

"ಹಗಲೊಳಗ ಚುಕ್ಕಿ ಹೆಂಗ ಕಾಣ್ತದ ಮೇಡಂ?" ಎಂದು ಅವನು ಮೊದಲು ಕೇಳಿದಾಗ, ಜರಡಿಯನ್ನು ರೂಪಿಸಿದ ಧಾರವಾಡದ ವಿಜ್ಞಾನಿ ಮೃಣಾಲಿನಿ ಇನಾಮದಾರ ಹೇಳಿದ್ದರು: "ಚುಕ್ಕಿ ಎಲ್ಲೂ ಹೋಗಿರೂದಿಲ್ಲ. ಗಾಳಿಯೊಳಗ ಚೆದುರಿದ ಬೆಳಕು ಅದನ್ನ ಮುಚ್ಚಿರ್ತದ. ಈ ಜರಡಿ ನೆಟ್ಟಗ ಬಂದ ಬೆಳಕನ್ನಷ್ಟ ಒಳಗ ಬಿಡ್ತದ, ಅಡ್ಡಾದಿಡ್ಡಿ ಬಂದದ್ದನ್ನ ಹೊರಗ ಒಗೀತದ."

"ಕಲ್ಯಾಣಮಂಟಪದ ಬಾಗಿಲಿಗೂ ಇಂಥಾದೊಂದು ಮಾಡ್ರಿ" ಅಂದಿದ್ದ ವಿಠ್ಠಲಸಾ.

ಶುಕ್ರ ಸೂರ್ಯನ ಹತ್ತಿರ ಸರಿದು ಬರಿಗಣ್ಣಿಗೆ ಕಾಣದಾದರೆ ಅದು ಶುಕ್ರಾಸ್ತ. ಆಗ ಮದುವೆಗೆ ಮುಹೂರ್ತವಿಲ್ಲ. ಶುಕ್ರ ಸೂರ್ಯನ ಆಚೆಬದಿಯಿಂದ ಹಾಯುವಾಗ ಈ ಬಿಡುವು ಎರಡು ತಿಂಗಳಿಗೂ ಮೀರುತ್ತದೆ. ನಿಂತು ನಿಂತು ಮೊಣಕಾಲು ಸವೆದ ವಿಠ್ಠಲಸಾನಿಗೆ, ಅಡಿಗೆಯವರಿಗೆ, ಬ್ಯಾಂಡಿನವರಿಗೆ ಅದೇ ರಜೆ. ಈ ಸಲ ಅವನಿಗೆ ಒಂದೇ ಆಸೆ: ಶುಕ್ರ ಸೂರ್ಯನಂಚಿಗೆ ತೀರ ಹತ್ತಿರ ಬರುವ ಮಧ್ಯಾಹ್ನದ ಚಿತ್ರ. ಮತ್ತೆ ಹೀಗೆ ಬರಲು ಎಂಟು ವರ್ಷ ಬೇಕು. ಅಷ್ಟರಲ್ಲಿ ತಾರಸಿ ಹತ್ತುವ ಕಾಲು ಉಳಿದಿರುವ ಖಾತರಿ ಅವನಿಗಿರಲಿಲ್ಲ.

ಹಪ್ಪಳ ಒಣಗಿಸಲು ಬಂದ ಪಕ್ಕದ ಮನೆಯ ಚನ್ನವ್ವ ಪರದೆ ನೋಡಿ ನಿಂತಳು. ಅವಳ ಮೊಮ್ಮಗಳಿಗೆ ಗೊತ್ತಾದ ಹುಡುಗ ಸೈನ್ಯದಲ್ಲಿದ್ದ. ಅವನ ರಜೆ ಮುಗಿಯುವುದರೊಳಗೆ ಮುಹೂರ್ತ ಸಿಕ್ಕಿರಲಿಲ್ಲ.

"ಇದು ಶುಕ್ರ ಏನೋ?"

"ಹೌದಬೇ."

"ಮತ್ತ ಆಚಾರ್ರು ಕಾಣ್ಸೂದಿಲ್ಲ ಅಂತಾರ?"

"ಅವರ ಕಣ್ಣಿಗೆ ಕಾಣ್ಸೂದಿಲ್ಲ."

"ತಾ ಇತ್ಲಾಗ. ಪಂಚಾಂಗಾನೂ ಅವ್ರು ಚಷ್ಮಾ ಹಾಕ್ಕೊಂಡ ಓದ್ತಾರ. ಇದೂ ಒಂದು ಚಷ್ಮಾನ!"

ವಿಠ್ಠಲಸಾ ಹುಡುಗಿಯ ಮುಖ ನೆನೆದು ಪ್ರಿಂಟು ಹಾಕಿಕೊಟ್ಟ. ಮುಹೂರ್ತ ಇಡುವ ಜಯತೀರ್ಥಾಚಾರ್ಯರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಕಂಡಮ್ಯಾಲೆ ಅಸ್ತ ಅನ್ನಲಿಕ್ಕೆ ಹೆಂಗ ಬರ್ತದ?" ಎಂದು ದಿನ ಗೊತ್ತುಮಾಡಿದರು. ಮದುವೆ ಆಯಿತು, ಹುಡುಗ ಗಡಿಗೆ ಹೋದ.

ಅದು ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರಿಗೆ ಕೊಟ್ಟ ಮುಹೂರ್ತವನ್ನು ಇನ್ನೊಬ್ಬರಿಗೆ ಹೇಗೆ ತಡೆಯುವುದು? ವಾರ ಕಳೆಯುವುದರೊಳಗೆ ಊರಿನ ಮಂಟಪಗಳೆಲ್ಲ ತುಂಬಿದವು. ಅಡಿಗೆಯ ಗಿರಿಜವ್ವ ಬೀದಿಯಿಂದಲೇ ಕೂಗಿದಳು: "ನಿನ್ನ ಜರಡಿ ಸುಡ್ಲಿ ವಿಠ್ಠಲಸಾ! ಮಗಳ ಮನಿಗೆ ಹೋಗಾಕಿದ್ದೆ, ಒಲಿ ಮುಂದ ಕುಂತೀನಿ!"

ತಾನು ಕಾಯುತ್ತಿದ್ದ ಆ ಮಧ್ಯಾಹ್ನ ವಿಠ್ಠಲಸಾ ಮಂಟಪದಲ್ಲಿದ್ದ. ಇನಾಮದಾರರ ಫೋನು ಬಂತು.

"ಅಂಚಿಗೆ ಬಂದದ. ತೆಗೆದ್ರಿ?"

"ಇಲ್ರಿ. ಅಕ್ಷತಾ ಬೀಳೂ ಹೊತ್ತು."

"ಯಾರನ್ನಾದ್ರೂ ತಾರಸಿಗೆ ಕಳಸ್ರಲಾ!"

"ಎಲ್ಲಾರೂ ಇಲ್ಲೇ ಊಟಕ್ಕ ಬಂದಾರ್ರಿ."

"ನಾ ಇದನ್ನ ಎಣಿಸಿರಲಿಲ್ಲ" ಅಂದರು ಇನಾಮದಾರರು.

"ನಾನೂ ಎಣಿಸಿರ್ಲಿಲ್ಲ ಮೇಡಂ" ಎಂದು ಅವನು ವಧೂವರರತ್ತ ತಿರುಗಿದ.

ಚನ್ನವ್ವನ ಮೊಮ್ಮಗಳಿಗೆ ಗಂಡ ಸಿಕ್ಕ. ವಿಠ್ಠಲಸಾನಿಗೆ ಆ ಚಿತ್ರ ಸಿಗಲಿಲ್ಲ. ಮದುವೆಮನೆಯಲ್ಲಿ ದುಡಿಯುವವರ ರಜೆ ಆ ವರ್ಷ ಹೋಯಿತು, ಮತ್ತೆ ಬರಲಿಲ್ಲ.