ಸಯನ್‌ನಲ್ಲಿ ಇಳಿಯುವ ಹುಡುಗಿ

"ಯಾರನ್ನ ಕೇಳಿ ಒಳಗ ಬಂದಿ?"

ಕುರ್ಲಾದ ಆ ಸಾಲುಕೋಣೆಗಳ ಚಾಳಿನಲ್ಲಿ ಭಾನುವಾರ ಬೆಳಗಿನ ಗದ್ದಲ ಒಂದು ಕ್ಷಣ ನಿಂತೇಬಿಟ್ಟಿತು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೂ ತಿರುಗಿ ನೋಡಿದರು.

ಕೇಳಿದವಳು ಮಹಾದೇವಿ. ಹೊಸ್ತಿಲ ಮೇಲೆ ನಿಂತವನು ಸುಹಾಸ. ಅವನ ಒಂದು ಕೈಯಲ್ಲಿ ಗುಂಪಿಗೆ ದಾರಿ ತೋರುವ ಹಳದಿ ಬಾವುಟ, ಇನ್ನೊಂದು ಅಂಗೈಯಲ್ಲಿ ಒಂದು ಚೂರು ಬೆಲ್ಲ. ಹಿಂದೆ ಕ್ಯಾಮೆರಾ ನೇತುಹಾಕಿಕೊಂಡ ಎಂಟು ಮಂದಿ ಅಪರಿಚಿತರು. ಅವರಲ್ಲಿ ಒಬ್ಬಳು ಹೊಸ್ತಿಲು ದಾಟಿ ಒಳಗೇ ಕೂತು ಒಲೆಯ ಫೋಟೋ ತೆಗೆಯುತ್ತಿದ್ದಳು.

ಒಂದೇ ಕೋಣೆಯ ಮನೆ. ಹಗ್ಗದ ಮೇಲೆ ಮಹಾದೇವಿ ರಾತ್ರಿ ಒಗೆದು ಹಾಕಿದ ಬಟ್ಟೆ. ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ. ಯಾರೂ ನೋಡಬಾರದೆಂದು ಮೂರು ವರ್ಷ ಅವಳು ಕಾಪಾಡಿಕೊಂಡು ಬಂದದ್ದೆಲ್ಲ ಆ ಕ್ಯಾಮೆರಾದ ಮುಂದೆ ಬಿಚ್ಚಿ ಬಿದ್ದಿತ್ತು.

"ಮಹಾದೇವಿ, ಒಂದು ನಿಮಿಷ ಕೇಳು…" ಎಂದ ಸುಹಾಸ.

"ಏನ್ ಕೇಳ್ಲಿ? ನಾವೇನ್ ಪ್ರಾಣಿ ಸಂಗ್ರಹಾಲಯದಾಗ ಅದೀವೇನು? ಬಾವುಟ ಹಿಡ್ಕೊಂಡು ತೋರಸಾಕ ಬಂದಿ? ಈ ಹೊಸ್ತಿಲ ಇನ್ನೊಮ್ಮೆ ತುಳೀಬ್ಯಾಡ. ನಡಿ."

ಮೂರು ವರ್ಷ ಒಂದೇ ತರಗತಿಯಲ್ಲಿ ಕೂತಿದ್ದರೂ ಅವಳ ಕನ್ನಡವನ್ನು ಅವನು ಕೇಳಿದ್ದು ಅಂದೇ ಮೊದಲು. ಕಾಲೇಜಿನಲ್ಲಿ ಅವಳು ತೂಗಿ ತೂಗಿ ಇಂಗ್ಲಿಷ್ ಆಡುತ್ತಿದ್ದಳು, ತಪ್ಪಿದರೆ ಹಿಂದಿ. ಸುಹಾಸ ಬಾವುಟ ಇಳಿಸಿದ. ಅಂಗೈಯ ಬೆಲ್ಲವನ್ನು ತಿನ್ನಲಾರದೆ, ಎಸೆಯಲೂ ಆರದೆ, ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ತನ್ನ ಗುಂಪನ್ನು ಕರೆದುಕೊಂಡು ಹೊರಟುಹೋದ.

ಭಾನುವಾರಗಳಲ್ಲಿ ಮಹಾದೇವಿಗೆ ಚೆಂಬೂರಿನ ಮದುವೆ ಹಾಲ್‌ನಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ. ಅಂದಿನ ಸಮಾರಂಭ ರದ್ದಾಗಿ ಬೇಗ ಹಿಂತಿರುಗಿದ್ದಳು. ಊರವರ ಮದುವೆಗೆ ಬಂದವರಿಗೆಲ್ಲ ನಗುತ್ತ ಕೈಮುಗಿಯುವವಳು ತನ್ನ ಮನೆಗೆ ಬಂದವರನ್ನು ಹೊರದಬ್ಬಿದ್ದಳು. ಅದು ನೆನಪಾದಾಗ ಸಿಟ್ಟು ಇನ್ನೂ ಏರಿತು.

ಅವ್ವ ಸುಂದ್ರವ್ವ ಹಿಟ್ಟಿನ ಚೀಲ ಹೊತ್ತು ಬರುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು. ಅವಳು ಏನೋ ಹೇಳಲು ಹೋದಳು. ಮಗಳ ಮುಖ ನೋಡಿ ನುಂಗಿಕೊಂಡಳು.

ಮಹಾದೇವಿ ಓದುತ್ತಿದ್ದದ್ದು ಪ್ರವಾಸೋದ್ಯಮ ಮತ್ತು ಸಮಾರಂಭ ನಿರ್ವಹಣೆಯ ಪದವಿ. ಕೊನೆಯ ಸೆಮಿಸ್ಟರ್‌ನಲ್ಲಿ ಪ್ರತಿಯೊಬ್ಬರೂ ಒಂದು ಕಾರ್ಯಕ್ರಮವನ್ನು ತಾವೇ ಕಟ್ಟಿ ನಡೆಸಬೇಕು, ಅದಿಲ್ಲದೆ ಡಿಗ್ರಿಯಿಲ್ಲ. ಸುಹಾಸ ಅತಿಥಿಗಳನ್ನು ಅಡುಗೆಮನೆಯಿಂದ ಅಡುಗೆಮನೆಗೆ ಕರೆದೊಯ್ಯುವ ನಡಿಗೆಯೊಂದನ್ನು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಆ ನಡಿಗೆ ತನ್ನ ಒಲೆಯ ಮುಂದೆ ಬಂದು ನಿಲ್ಲುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಇದಕ್ಕೆಲ್ಲ ಹಿಂದೆ ಒಂದು ಸುಳ್ಳಿತ್ತು.

ಕಾಲೇಜಿನ ಮೊದಲ ದಿನ ಯಾರೋ ಕುರ್ಲಾದ ಹೆಸರೆತ್ತಿ, ಅಲ್ಲಿ ಮೂಗು ಮುಚ್ಚಿಕೊಂಡೇ ನಡೆಯಬೇಕು ಎಂದಿದ್ದರು. ಎಲ್ಲರೂ ನಕ್ಕಿದ್ದರು. ಪಕ್ಕದಲ್ಲಿ ಕೂತಿದ್ದ ನಮಿತಾ, ನೀನೆಲ್ಲಿರೋದು ಎಂದು ಕೇಳಿದಾಗ ಮಹಾದೇವಿಯ ಬಾಯಿಂದ ಬಂದದ್ದು ಸಯನ್. ನಮಿತಾಳ ಮನೆ ನಿಜವಾಗಿಯೂ ಸಯನ್‌ನಲ್ಲಿತ್ತು. ಅಂದಿನಿಂದ ದಿನಾ ಸಂಜೆ ಮಹಾದೇವಿ ಅವಳೊಂದಿಗೆ ಸಯನ್‌ನಲ್ಲಿ ಇಳಿಯುತ್ತಿದ್ದಳು. ನಮಿತಾ ಮರೆಯಾಗುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ಫೋನ್ ನೋಡುತ್ತ ನಿಂತು, ಮುಂದಿನ ಲೋಕಲ್ ರೈಲು ಹತ್ತಿ ಒಂದು ಸ್ಟೇಷನ್ ದಾಟಿ ಕುರ್ಲಾಕ್ಕೆ ಬರುತ್ತಿದ್ದಳು.

ಈಗ ಅವನು ಎಲ್ಲರಿಗೂ ಹೇಳಿಬಿಟ್ಟರೆ?

ಅವನು ಬಾಯಿ ಬಿಡುವ ಮುಂಚೆ ಅವನ ಮಾತಿಗೆ ಬೆಲೆಯಿಲ್ಲದಂತೆ ಮಾಡಬೇಕು ಎಂಬ ಆ ಹೆದರಿಕೆಯೇ ಅವಳ ಕೈಯಲ್ಲಿ ಕಾಲೇಜಿಗೆ ದೂರು ಬರೆಸಿತು. ಒಂದೊಂದು ಪದವನ್ನೂ ನೋಡಿ ಬರೆದಳು. ಮನೆ ತನ್ನದೆಂದು ಹೇಳಲಿಲ್ಲ, ಪರಿಚಿತರ ಮನೆ ಎಂದಳು. ವಾಸಿಸುವವರ ಒಪ್ಪಿಗೆಯಿಲ್ಲದೆ ಜನರನ್ನು ಒಳಗೆ ನುಗ್ಗಿಸಿ ಫೋಟೋ ತೆಗೆಸಿದ್ದಾನೆ ಎಂದು ಸಹಿ ಹಾಕಿದಳು.

ಬುಧವಾರ ವಿಭಾಗದ ಮುಖ್ಯಸ್ಥೆ ಶೀತಲ ಮೇಡಂ ಇಬ್ಬರನ್ನೂ ಕರೆಸಿದರು. ಯಾರದೇ ಮನೆಗೆ ಅತಿಥಿಗಳನ್ನು ಕರೆದೊಯ್ಯುವ ಮುನ್ನ ಮನೆಯವರ ಸಹಿಯಿರುವ ಒಪ್ಪಿಗೆ ಪತ್ರ ಪಡೆಯಬೇಕೆಂಬುದು ಕಾಲೇಜಿನ ನಿಯಮ. ಐದು ಮನೆಗೆ ಹೋಗಿದ್ದೀಯ, ನಾಲ್ಕೇ ಪತ್ರ ಇದೆ, ಐದನೆಯದೆಲ್ಲಿ ಎಂದು ಮೇಡಂ ಕೇಳಿದರು.

ಸುಹಾಸನ ಕೈ ಬ್ಯಾಗಿನ ಜಿಪ್ ತನಕ ಹೋಯಿತು. ಅಲ್ಲೇ ನಿಂತಿತು. ಒಮ್ಮೆ ಮಹಾದೇವಿಯ ಕಡೆ ನೋಡಿದ.

"ಇಲ್ಲ ಮೇಡಂ. ತಪ್ಪಾಯ್ತು."

ಮೇಡಂ ಇನ್ನೂ ಎರಡು ಸಲ ಕೇಳಿದರು. ಅದು ಯಾರ ಮನೆ ಎಂದೂ ಕೇಳಿದರು. ಅವನು ತಲೆ ತಗ್ಗಿಸಿ ನಿಂತ. ಅವನ ಕಾರ್ಯಕ್ರಮವನ್ನು ರದ್ದು ಮಾಡಿ, ಈ ವರ್ಷ ಡಿಗ್ರಿಯ ಆಸೆ ಬಿಡು ಎಂದುಬಿಟ್ಟರು.

ಗೆದ್ದೆ ಎಂದುಕೊಂಡಳು ಮಹಾದೇವಿ. ಆದರೂ ಜಿಪ್ಪಿನ ಮೇಲೆ ನಿಂತ ಆ ಕೈ ಕಣ್ಣಮುಂದಿನಿಂದ ಸರಿಯಲಿಲ್ಲ…

ಸಂಜೆ ಮನೆಗೆ ಬಂದವಳೇ ಅವ್ವನಿಗೆ ಎಲ್ಲವನ್ನೂ ಹೇಳಿದಳು. ಒಪ್ಪಿಗೆ ಪತ್ರವೇ ಇಲ್ಲದೆ ಬಂದಿದ್ದ, ಸರಿಯಾದ ಶಾಸ್ತಿಯಾಯಿತು ಎಂದಳು. ರೊಟ್ಟಿ ಬಡಿಯುತ್ತಿದ್ದ ಸುಂದ್ರವ್ವನ ಕೈ ನಿಂತಿತು.

"ಇಲ್ಲಂದನೇನು? ನಾ ಸಹಿ ಮಾಡಿ ಕೊಟ್ಟೀನಲ್ಲ?"

"ಏನಂದಿ?"

"ಮೂರು ದಿನ ಕ್ಯಾಲೆಂಡರ್ ಹಿಂದ ಬರದು ಬರದು ರೂಢಿ ಮಾಡ್ಕೊಂಡೆ. ಹೆಬ್ಬಟ್ಟು ಬ್ಯಾಡ, ನನ್ನ ಮಗಳ ಕಾಲೇಜಿಗೆ ಹೋಗೂ ಕಾಗದ ಅಂತ. ಮೇಡಮ್ಮ ನನ್ನ ಸಹಿ ನೋಡ್ಲೇ ಇಲ್ಲೇನು?"

ಮಹಾದೇವಿ ಗೋಡೆಯ ಕ್ಯಾಲೆಂಡರನ್ನು ತಿರುಗಿಸಿದಳು. ಹಾಳೆಯ ಬೆನ್ನ ತುಂಬ ಸೊಟ್ಟ ಸೊಟ್ಟ ಅಕ್ಷರಗಳು. ಸುಂದ್ರವ್ವ ಪರಪ್ಪ ಹೊಸಮನಿ. ಸುಂದ್ರವ್ವ ಪರಪ್ಪ ಹೊಸಮನಿ… ಕೆಳಕೆಳಗೆ ಬಂದಂತೆ ಅಕ್ಷರ ನೆಟ್ಟಗಾಗಿದ್ದವು.

ಆಮೇಲೆ ಉಳಿದದ್ದೂ ಹೊರಬಂತು. ಸುಹಾಸ ಜೋಳದ ರೊಟ್ಟಿ ಮಾಡುವವರನ್ನು ಹುಡುಕಿಕೊಂಡು ಚಾಳಿಗೆ ಬಂದಿದ್ದ. ಗೋಡೆಯಲ್ಲಿ ಮಹಾದೇವಿಯ ಫೋಟೋ ಕಂಡೊಡನೆ, ಬೇಡ ಅಮ್ಮ, ಅವಳಿಗೆ ಹಿಡಿಸುವುದಿಲ್ಲ ಎಂದು ಎದ್ದು ಹೊರಟಿದ್ದ. ಬಿಡದೆ ಕೂರಿಸಿದವಳು ಸುಂದ್ರವ್ವ. ಮಗಳು ಕೆಲಸಕ್ಕೆ ಹೋದ ಹೊತ್ತಿಗೆ ಬನ್ನಿ, ಅವಳಿಗೆ ತಿಳಿಯುವುದು ಬೇಡ ಎಂದು ಮಾತು ತೆಗೆದುಕೊಂಡವಳೂ ಅವಳೇ.

"ನೀ ಏನ್ ಓದ್ತೀ ಅಂತ ನಂಗ ತಿಳೀತಿದ್ದಿಲ್ಲ ಮಾದೇವಿ. ಬಂದವ್ರನ್ನ ಚಂದಂಗ ನೋಡ್ಕೊಳ್ಳೂದು ಅಂದ ಆ ಹುಡುಗ. ಅದಕ್ಕ ಮೂರು ವರ್ಷ ಬೇಕೇನೋ ತಮ್ಮಾ, ಅದು ನಂಗೂ ಬರ್ತೈತಿ ಅಂದೆ. ಬೆಲ್ಲ ನೀರು ಕೊಟ್ಟು ಕೂಡ್ರಿಸಿದ್ದೆ ಅವ್ರನ್ನ. ಹಿಟ್ಟು ಸಾಲಂಗಿಲ್ಲ ಅಂತ ತರಾಕ ಹೋಗಿದ್ದೆ, ಅಷ್ಟ."

"ನಂಗ್ಯಾಕ ಹೇಳ್ಲಿಲ್ಲ?"

"ನೀ ಫೋನಿನ್ಯಾಗ ಸಯನ್ ಅಂತ ಹೇಳ್ಕೊಳ್ಳೂದು ನಂಗೂ ಗೊತ್ತೈತವ್ವಾ."

ಅವ್ವ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು.

ಮಹಾದೇವಿ ಚಪ್ಪಲಿ ಮೆಟ್ಟಿ ಹೊರಟಳು. ಸುಹಾಸನ ಮನೆ ಚೆಂಬೂರಿನಲ್ಲಿ. ಅವನು ಕುರ್ಲಾದಲ್ಲಿ ಇಳಿದು, ಬ್ರಿಜ್ ದಾಟಿ ಹಾರ್ಬರ್ ಲೈನಿನ ಗಾಡಿ ಹಿಡಿಯಬೇಕು. ಜನರನ್ನು ತಳ್ಳಿಕೊಂಡು ಮೆಟ್ಟಿಲು ಹತ್ತಿದರೆ, ಡಿಗ್ರಿ ಹೋದ ಸುದ್ದಿ ಹೊತ್ತು ಮನೆಗೆ ಹೋಗಲಾರದವನಂತೆ ಅವನಿನ್ನೂ ಬ್ರಿಜ್ಜಿನ ಕಂಬಿಗೆ ಒರಗಿ ನಿಂತಿದ್ದ.

"ಕಾಗದ ಎಲ್ಲೈತಿ? ಕೊಡು."

ಅವನು ಕೊಡಲಿಲ್ಲ. "ಅದರಲ್ಲಿ ನಿನ್ನ ಅಡ್ಡಹೆಸರು ಉಂಟು. ಮನೆ ನಂಬರ್ ಉಂಟು. ಮೇಡಂ ನೋಡಿದ್ರೆ ನಾಳೆ ಇಡೀ ಕ್ಲಾಸಿಗೆ ಗೊತ್ತಾಗ್ತದೆ."

"ಆಗ್ಲಿ! ನಿನಗ್ಯಾಕ ಬೇಕಿತ್ತು? ನನ್ನ ಸುಳ್ಳು ಕಾಯಾಕ ನಿನ್ನ ಯಾರು ಇಟ್ಟಾರ? ದೊಡ್ಡ ತ್ಯಾಗ ಮಾಡಿದಿ ಅಂತ ನಾ ಕಾಲಿಗೆ ಬೀಳ್ಬೇಕೇನು?"

"ಬೇಡ."

"ಫೋಟೋ ನೋಡಿದ ದಿನಾನ ನಂಗ ಹೇಳ್ಬೇಕಿತ್ತು ನೀ. ಅವ್ವ ಬ್ಯಾಡ ಅಂದ್ಲು ಖರೇ. ಆದ್ರೂ ಅದು ನನ್ನ ಮನಿ ಸುಹಾಸ. ನನ್ನ ಕೇಳ್ಬೇಕಿತ್ತು."

"ಹೌದು," ಎಂದ ಅವನು. "ಅದಕ್ಕೇ ಮೇಡಂ ಹತ್ರ ತಪ್ಪಾಯ್ತು ಅಂದದ್ದು. ಅದು ಸುಳ್ಳಲ್ಲ."

ಜಗಳಕ್ಕೆ ಬಂದವಳಿಗೆ ಎದುರಾಳಿಯೇ ಸಿಗದಂತಾಯಿತು. ಕೆಳಗೆ ಚೆಂಬೂರಿನ ಗಾಡಿ ಬಂದು ನಿಂತಿತು. ಅವನು ಅಲುಗಲಿಲ್ಲ.

"ಗಾಡಿ ಹೊಂಟೈತಿ."

"ಹೋಗಲಿ. ಎರಡು ವರ್ಷದಿಂದ ದಿನಾ ಒಂದು ಗಾಡಿ ಬಿಡ್ತೇನೆ ನಾನು. ನೀನು ಸಯನ್‌ನಲ್ಲಿ ಇಳಿದು ಮುಂದಿನ ಲೋಕಲ್‌ನಲ್ಲಿ ಇಲ್ಲಿಗೆ ಬರ್ತಿಯಲ್ಲ… ಒಮ್ಮೆ ಹೀಗೇ ಕಂಡೆ. ಮರುದಿನವೂ ಕಂಡೆ. ಮತ್ತೆ, ನೀನು ಬ್ರಿಜ್ ಇಳಿದು ಆಚೆ ರಸ್ತೆ ದಾಟುವ ತನಕ ಹೋಗ್ಲಿಕ್ಕೆ ಮನಸ್ಸೇ ಬರ್ಲಿಲ್ಲ."

ಎರಡು ವರ್ಷ! ಅವಳ ಸುಳ್ಳು ಇವನಿಗೆ ಆಗಲೇ ಗೊತ್ತಿತ್ತು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇಂದು ಡಿಗ್ರಿಯೇ ಹೋಗುವಾಗಲೂ…

ಅದಕ್ಕೂ ಸಿಟ್ಟೇ ಬಂತು ಅವಳಿಗೆ. ಈ ಸಲ ಕಣ್ಣು ತುಂಬಿತ್ತು.

"ಎರಡು ವರ್ಷ ಕಂಬದಂಗ ನಿಂತಿ. ಒಂದ್ ಮಾತು ಆಡಾಕ ಬರ್ಲಿಲ್ಲೇನು ನಿಂಗ? ಕಾಗದ ಕೊಡು. ಅದು ನಮ್ಮವ್ವನ ಸಹಿ. ಬ್ಯಾಗಿನ್ಯಾಗ ಮುಚ್ಚಿಡಾಕ ಬರದದ್ದಲ್ಲ ಅದು."

ಅವನು ಕೊಟ್ಟ.

ಮರುದಿನ ಅವಳು ಪತ್ರವನ್ನು ಶೀತಲ ಮೇಡಂ ಮೇಜಿನ ಮೇಲಿಟ್ಟು, ಮನೆ ನನ್ನದು, ಸಹಿ ನನ್ನ ತಾಯಿಯದು, ದೂರಿನಲ್ಲಿ ಬರೆದದ್ದು ಸುಳ್ಳು ಎಂದಳು. ಮೇಡಂ ಕೂಗಾಡಿದರು. ಸುಳ್ಳು ದೂರು ಸಣ್ಣ ವಿಷಯವಲ್ಲ ಎಂದು ತಪ್ಪೊಪ್ಪಿಗೆ ಬರೆಸಿಕೊಂಡರು. ಆಮೇಲೆ ಪತ್ರವನ್ನು ಕೈಗೆತ್ತಿಕೊಂಡು, ಆ ಸಹಿಯನ್ನು ತುಸು ಹೊತ್ತು ನೋಡಿದರು. ಭಾನುವಾರ ಸುಹಾಸ ನಡಿಗೆಯನ್ನು ಮತ್ತೆ ನಡೆಸಲಿ, ನಾನೂ ಬರುತ್ತೇನೆ ಎಂದರು. ಕೊನೆಯ ಮನೆಯನ್ನು ತಾನೇ ತೋರಿಸುತ್ತೇನೆಂದು ಮಹಾದೇವಿ ಕೇಳಿಕೊಂಡಳು.

ಆ ಸಂಜೆ ಸಯನ್ ಬಂದಾಗ ನಮಿತಾ ಇಳಿದು ತಿರುಗಿ ನೋಡಿದರೆ ಮಹಾದೇವಿ ಬಾಗಿಲ ಕಂಬಿ ಹಿಡಿದು ಒಳಗೇ ನಿಂತಿದ್ದಳು.

"ಅರೇ, ಉತರ್ ನಾ!" ಇಳಿಯೆಂದು ಅವಸರಿಸಿದಳು ನಮಿತಾ.

"ಮೇರಾ ಸ್ಟೇಷನ್ ಅಗ್ಲಾ ಹೈ, ನಮಿತಾ." ತನ್ನ ಸ್ಟೇಷನ್ ಮುಂದಿನದೆಂದು ಮಹಾದೇವಿ ಕೊನೆಗೂ ಹೇಳಿದ್ದಳು.

ಗಾಡಿ ಹೊರಟಿತು. ಏನೂ ಅರ್ಥವಾಗದ ನಮಿತಾ ಹಿಂದೆ ಉಳಿದಳು. ಮೂರು ವರ್ಷದಲ್ಲಿ ಮೊದಲ ಸಲ ಮಹಾದೇವಿ ಒಂದೇ ಗಾಡಿಯಲ್ಲಿ ಮನೆ ತಲುಪಿದಳು.

ಭಾನುವಾರ ಹಳದಿ ಬಾವುಟ ಚಾಳಿನ ಬಾಯಿಗೆ ಬಂದಾಗ ಸುಹಾಸ ಅದನ್ನು ಮಹಾದೇವಿಯ ಕೈಗಿತ್ತ. ಅವಳು ಎಲ್ಲರನ್ನೂ ನಲ್ಲಿ ದಾಟಿಸಿ ತಂದು ಬಾಗಿಲಲ್ಲಿ ನಿಂತಳು. ಶೀತಲ ಮೇಡಂ ಇದ್ದರು, ನಮಿತಾ ಇದ್ದಳು. ಬಾಯಿಪಾಠ ಮಾಡಿಕೊಂಡಿದ್ದ ವಿವರಣೆಯೆಲ್ಲ ಮರೆತುಹೋಯಿತು.

"ಇದು ನಮ್ಮನಿ," ಎಂದಳು. ಮತ್ತೆ ಅದನ್ನೇ ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು. "ಒಳಗೆ ಬನ್ನಿ. ಫೋಟೋ ಬೇಡ, ರೊಟ್ಟಿ ಬಡಿಯೋಣ."

ನಮಿತಾ ಮುಖ ಬಿಗಿದುಕೊಂಡೇ ಒಳಗೆ ಬಂದಳು. ಮೂರು ವರ್ಷ ನನ್ನನ್ನು ಸಯನ್‌ನಲ್ಲಿ ಬೀಳ್ಕೊಟ್ಟವಳು ನೀನು, ನಿನ್ನೊಂದಿಗೆ ಆಮೇಲೆ ಮಾತಾಡ್ತೀನಿ ಎಂದು ಗೊಣಗಿದಳು. ಸುಂದ್ರವ್ವ ಅವಳ ಕೈಗೂ ಹಿಟ್ಟು ಕೊಟ್ಟಳು. ಅವಳ ರೊಟ್ಟಿ ಮೂರು ತುಂಡಾಗಿ ಬಿದ್ದಾಗ ಮೇಡಂ ಸೇರಿ ಎಲ್ಲರೂ ನಕ್ಕರು, ಕೊನೆಗೆ ಅವಳೂ.

ಎಲ್ಲರೂ ಹೋದ ಮೇಲೂ ಸುಹಾಸ ಗಲ್ಲಿಯಲ್ಲೇ ನಿಂತಿದ್ದ. ಇಷ್ಟು ಹೊತ್ತೂ ಅವನು ಒಳಗೆ ಬಂದಿರಲಿಲ್ಲ.

"ಬಿಸಲಾಗ ಯಾಕ ನಿಂತೀದಿ?"

"ಈ ಹೊಸ್ತಿಲು ತುಳೀಬೇಡ ಅಂದಿದ್ದಿಯಲ್ಲ."

ಮಹಾದೇವಿ ಒಳಗೆ ಹೋಗಿ ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದಳು. ಅವನು ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದ. ಹೋದ ಭಾನುವಾರದ ಬೆಲ್ಲ ಕರಗಿ ಬಟ್ಟೆಗೆ ಅಂಟಿಕೊಂಡಿತ್ತು.

"ಇದಿನ್ನೂ ಉಂಟು ನನ್ನ ಹತ್ರ."

"ಅದು ಅವ್ವ ಕೊಟ್ಟದ್ದು," ಎಂದಳು ಮಹಾದೇವಿ. "ಇದು ನಾ ಕೊಡಾಕತ್ತೀನಿ."

ಅವನು ಬೆಲ್ಲವನ್ನು ತೆಗೆದುಕೊಂಡ. ಬೆರಳು ಬೆರಳಿಗೆ ತಾಗಿತು. ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

"ಸಿಟ್ಟು ಹೋಯ್ತಾ?"

"ಇಲ್ಲ. ಇನ್ನೂ ಭಾಳ ಐತಿ."

"ಮತ್ತೆ ನಾನೆಂತ ಮಾಡ್ಬೇಕು?"

"ದಿನಾ ಸಂಜಿ ಬ್ರಿಜ್ ಮ್ಯಾಲ ನಿಂದರಬ್ಯಾಡ ಇನ್ನ," ಎಂದು ಅವಳು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. "ಮನಿತನಕ ಬಾ."