ಟೀಚರಮ್ಮನ ಬಲಗೈ

“ಕಣ್ಣು ಕಾಣಲ್ವೇನ್ರೀ ನಿಮಗೆ?”

ಬ್ರೆಡ್ ವ್ಯಾನಿನ ಬಾಗಿಲು ದಿಢೀರನೆ ತೆರೆದು, ಸ್ಕೂಟರ್ ಅದಕ್ಕೆ ಬಡಿದು, ಬಲಗೈ ಮುರಿದುಕೊಂಡು ಬಿದ್ದಿದ್ದ ಟೀಚರಮ್ಮ ಆ ಡ್ರೈವರಿಗೆ ಆಡಿದ ಮೊದಲ ಮಾತದು!

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗ ಅವಳು ಅತ್ತೇಬಿಟ್ಟಳು. “ನನ್ನ ಇಂಗ್ಲಿಷ್ ಕ್ಲಾಸಲ್ಲಿ ಇನ್ನು ಬೋರ್ಡ್ ಬರೆಯೋರು ಯಾರು?”

“ನಾನೇ ಬರೀತೀನಿ ಮೇಡಂ…” ಎಂದ, ಅವಳನ್ನು ಅಲ್ಲಿಗೆ ಕರೆತಂದಿದ್ದ ಡ್ರೈವರ್.

ಕೊಟ್ಟ ಮಾತಿಗೆ ತಪ್ಪಲಿಲ್ಲ ಮಹಾರಾಯ. ಸಂಜೆಯಾದರೆ ಹಾಜರ್! ಅವಳು ಒಂದೊಂದೇ ಅಕ್ಷರ ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ. ಸಾಲುಗಳೆಲ್ಲ ಬೋರ್ಡಿನ ಮೂಲೆಗೆ ಜಾರುತ್ತಿದ್ದವು. ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಬೈಯಲು ಹೋಗಿ ಅವಳೂ ನಗುತ್ತಿದ್ದಳು. ತನಗೇ ಗೊತ್ತಿಲ್ಲದಂತೆ ಸಂಜೆಗಾಗಿ ಕಾಯತೊಡಗಿದಳು.

ಅವತ್ತಿನ ಪಾಠ, ಕಷ್ಟದಲ್ಲೂ ಒಳ್ಳೆಯದನ್ನು ಕಾಣುವ ಇಂಗ್ಲಿಷ್ ಮಾತುಗಳು.

“ಮೋಡದ ಅಂಚಲ್ಲಿ ಕಾಣೋ ಬೆಳ್ಳಿಗೆರೆ, ಸಿಲ್ವರ್ ಲೈನಿಂಗ್. ಕೇಡಿನ ಹಾಗೆ ಬಂದು ಒಳ್ಳೇದೇ ಆಗೋದು, ಬ್ಲೆಸಿಂಗ್ ಇನ್ ಡಿಸ್‌ಗೈಸ್. ಎಲ್ಲರೂ ಒಂದೊಂದು ಉದಾಹರಣೆ ಕೊಡಿ.”

ಡ್ರೈವರ್ ಹುರುಪಿನಿಂದ ಕೈ ಎತ್ತಿದ. “ಮೇಡಂ ಕೈ ಮುರಿದಿದ್ದು ಬ್ಲೆಸಿಂಗ್ ಇನ್ ಡಿಸ್‌ಗೈಸ್!”

ಎಲ್ಲರೂ ಗೊಳ್ಳೆಂದು ನಕ್ಕರು. ಅವಳ ಮುಖ ಕಪ್ಪಿಟ್ಟಿತು. ‘ನೋವಿಗೆ ನಿದ್ದೆಯಿಲ್ಲದೆ ಒದ್ದಾಡಿದೀನಿ… ಇವನಿಗೆ ತಮಾಷೆನಾ?’

“ಬೇರೆಯವರ ನೋವಿಗೆ ಆ ಮಾತು ಹೇಳಬಾರದು. ನೋವು ತಿಂದವರೇ ಹೇಳ್ಕೋಬೇಕು. ನಾಳೆಯಿಂದ ನೀವು ಬರಬೇಡಿ!”

ಅವನು ಚಾಕ್‌ಪೀಸ್ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೊರಟುಹೋದ.

ಆಮೇಲೆ ಬೋರ್ಡ್ ಬರೆದವಳು ಒಬ್ಬ ವಿದ್ಯಾರ್ಥಿನಿ. ಎಲ್ಲ ಸಾಲೂ ನೆಟ್ಟಗೆ, ಅಚ್ಚುಕಟ್ಟು. ಯಾರೂ ನಗಲಿಲ್ಲ. ‘ಥೂ, ಈ ನೆಟ್ಟನೆ ಸಾಲು ನೋಡೋಕೇ ಬೇಜಾರು… ಯಾಕಾದರೂ ಬೈದೆನೋ!’

ಊಟ ಬಿಟ್ಟು ಕೂತ ಮಗಳನ್ನು ಅಮ್ಮ ಕೇಳಿದರು. “ಕೈ ನೋಯ್ತಿದೆಯೇನೇ?”

“ಕೈ ಅಲ್ಲಮ್ಮಾ…” ಅಷ್ಟೇ ಹೇಳಿ ಅತ್ತಳು.

ಪ್ಲಾಸ್ಟರ್ ಬಿಚ್ಚಿದ ದಿನ ಆಸ್ಪತ್ರೆಯಿಂದ ನೇರ ಬೇಕರಿಗೇ ಹೋದಳು. ಅವನು ವ್ಯಾನಿಗೆ ಟ್ರೇ ಏರಿಸುತ್ತಿದ್ದ.

“ಮೇಡಂ! ಅವತ್ತು… ನೀವು ಸಿಕ್ಕಿದ್ದು ನನ್ನ ಪುಣ್ಯ ಅಂತ ಹೇಳೋಕೆ ಹೋಗಿ, ಏನೇನೋ…”

“ಸುಮ್ನಿರಿ. ಅವತ್ತು ಉದಾಹರಣೆ ಕೊಡದೇ ಉಳಿದವಳು ನಾನು.” ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ನನ್ನ ಕೈ ಮುರಿದಿದ್ದು… ಬ್ಲೆಸಿಂಗ್ ಇನ್ ಡಿಸ್‌ಗೈಸ್.”

ಅವನ ಕಣ್ಣು ತುಂಬಿ ಬಂತು. “ನೋವು ತಿಂದವರೇ ಹೇಳ್ಕೋಬೇಕು ಅಂದಿದ್ರಿ…”

“ಅದಕ್ಕೇ ಹೇಳ್ತಿರೋದು, ಪೆದ್ದು! ನಾಳೆಯಿಂದ ಕ್ಲಾಸಿಗೆ ಬನ್ನಿ.”

“ಈಗ ಕೈ ವಾಸಿಯಾಯ್ತಲ್ಲ… ಬೋರ್ಡ್ ಬರೆಯೋಕೆ ನಾನ್ಯಾಕೆ?”

ಅವಳು ಆ ಬಲಗೈಯನ್ನೇ ಅವನ ಕೈಯೊಳಗಿಟ್ಟಳು.

“ಇದನ್ನ ನೀವು ಹಿಡ್ಕೊಂಡಿದ್ರೆ, ನಾನು ಹೇಗ್ರೀ ಬರೀಲಿ?”