ಬೇಲಿಯ ಮೇಲಿನ ಏಪ್ರನ್

೧೯೭೪ರ ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಚಿತ್ರದುರ್ಗದ ಠಾಣೆಗೆ ಕಾಲೇಜಿನ ರಸಾಯನಶಾಸ್ತ್ರದ ಲೆಕ್ಚರರ್ ಕರಿಸಿದ್ದಪ್ಪ ಓಡೋಡಿ ಬಂದರು. ಕೂರಿ ಎಂದರೂ ಕೂರಲಿಲ್ಲ.

“ಲ್ಯಾಬಿನಿಂದ ಸಯನೈಡ್ ಬಾಟ್ಲಿ ಹೋಗೈತೆ ಸಾರ್. ಶನಿವಾರ ಇತ್ತು.”

“ಎಷ್ಟು ಜನಕ್ಕೆ ಸಾಕು?” ಇನ್ಸ್‌ಪೆಕ್ಟರ್ ಮೂಡಲಗಿರಿಯಪ್ಪ ಕೇಳಿದರು.

“ಈ ಠಾಣೇಲಿರೋರಿಗೆಲ್ಲ ಸಾಕಾಗಿ ಮಿಗುತ್ತೆ.”

ಉದಾಹರಣೆಗೆ ನಮ್ಮ ಠಾಣೆಯೇ ಬೇಕಿತ್ತೇನ್ರೀ ಎಂದು ಗದರಬೇಕೆನಿಸಿತು. ಆದರೆ ಗದರುತ್ತ ಕೂರುವ ಹೊತ್ತಲ್ಲ. ಕಳವಿನ ಎಫ್‌ಐಆರ್ ಬರೆಯಲು ರೈಟರಿಗೆ ಹೇಳಿ, ಕಾನ್‌ಸ್ಟೇಬಲ್ ಕೆಂಚಪ್ಪನನ್ನು ಕರೆದುಕೊಂಡು ಅವರು ಲ್ಯಾಬಿಗೆ ಹೊರಟರು.

ಬೀರುವಿನ ಬೀಗ ಗಟ್ಟಿಯಾಗಿಯೇ ಇತ್ತು. ಶನಿವಾರ ಪ್ರಾಕ್ಟಿಕಲ್ ಮುಗಿಯುವವರೆಗೂ ಬೀರು ತೆರೆದೇ ಇತ್ತೆಂದು ಕರಿಸಿದ್ದಪ್ಪ ತಲೆ ತಗ್ಗಿಸಿ ಒಪ್ಪಿಕೊಂಡರು. ಪಂಚರ ಮುಂದೆ ಪಂಚನಾಮೆ ಆಯಿತು.

“ಈ ವಿಷದ ಬಗ್ಗೆ ಯಾವನಾದ್ರೂ ವಿಚಾರಿಸಿದ್ನಾ?”

“ಫೈನಲ್ ಬಿ.ಎಸ್ಸಿ. ಎತ್ತಪ್ಪ. ತಿಂದ್ರೆ ಎಷ್ಟು ಹೊತ್ತಿಗೆ ಪ್ರಾಣ ಹೋಗುತ್ತೆ ಅಂತ ಕೇಳಿದ್ದ.”

“ನೀವೇನಂದ್ರಿ?”

“ಒಳ್ಳೆ ಪ್ರಶ್ನೆ ಅಂದೆ ಸಾರ್.”

ಎತ್ತಪ್ಪ ಆ ದಿನ ಕ್ಲಾಸಿಗೆ ಬಂದಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಹುಡುಗರು ಏನು ಮಾಡಿಕೊಳ್ಳುತ್ತಾರೆಂಬುದು ಪೊಲೀಸರಿಗೆ ಗೊತ್ತಿಲ್ಲದ್ದೇನಲ್ಲ. ಹಾಸ್ಟೆಲಿನ ಅವನ ಕೋಣೆಯ ಬಾಗಿಲನ್ನು ಇನ್ಸ್‌ಪೆಕ್ಟರ್ ತಟ್ಟದೆಯೇ ತಳ್ಳಿದರು. ಒಳಗೆ ಭೀಮಸಮುದ್ರದ ರೇವಣಸಿದ್ದಪ್ಪನೊಬ್ಬನೇ ಓದುತ್ತ ಕುಳಿತಿದ್ದ.

“ನಿನ್ನ ರೂಮ್‌ಮೇಟ್ ಎಲ್ಲಿ?”

“ನಿನ್ನೆ ಊರಿಗೆ ಹೋದ ಸಾರ್. ಹರಿಯಬ್ಬೆ ಹತ್ರ ಅವರ ಹಟ್ಟಿ.”

“ಬೇಜಾರಲ್ಲಿದ್ನಾ?”

“ಹೋದ ವಾರ ಅವರಪ್ಪ ಬಂದಿದ್ರು. ತೋಳ ದಿನಾ ಕುರಿ ಹೊತ್ಕಂಡು ಹೋಗ್ತೈತೆ, ಮಂದೆ ಕಾಯೋರಿಲ್ಲ, ಓದಿದ್ದು ಸಾಕು ಬಾ ಅಂದ್ರು. ಅವತ್ತಿಂದ ಅವ್ನು ಸರಿಯಾಗಿ ಊಟಾನೇ ಮಾಡಿಲ್ಲ.”

“ಹೋಗುವಾಗ ಏನಂದ?”

“ಬುಧವಾರ ಪ್ರಾಕ್ಟಿಕಲ್ ಪರೀಕ್ಷೆ ಐತಲ್ಲ, ಅಷ್ಟೊತ್ತಿಗೆ ಬಂದ್ಬಿಡ್ತೀನಿ ಅಂದ.”

ಸಾಯಲು ಹೊರಟವನು ಪರೀಕ್ಷೆಗೆ ಬರುತ್ತೇನೆಂದು ಹೇಳುವುದಿಲ್ಲ. ಹಾಗಾದರೆ ವಿಷ ತೋಳಕ್ಕೇ ಇರಬೇಕು. ಇನ್ಸ್‌ಪೆಕ್ಟರಿಗೆ ಮನಸ್ಸು ಹಗುರಾಯಿತು. ಆದರೂ ಜೀಪು ಹಿರಿಯೂರು ದಾಟುವಷ್ಟರಲ್ಲಿ ಡ್ರೈವರಿಗೆ ಮೂರು ಸಲ “ಬೇಗ ಹೋಗಯ್ಯ” ಎಂದಿದ್ದರು.

ಹಟ್ಟಿ ಮುಟ್ಟಿದಾಗ ಮಧ್ಯಾಹ್ನದ ಅಡುಗೆಯ ಹೊಗೆ ಏಳುತ್ತಿತ್ತು. ಕುರಿ ರೊಪ್ಪದ ಮುಳ್ಳುಬೇಲಿಯ ಮೇಲೆ ಒಗೆದ ಬಿಳಿ ಲ್ಯಾಬ್ ಏಪ್ರನ್ ಒಣಗಲು ಹಾಕಿತ್ತು. ಅದರ ಬುಡದಲ್ಲೇ ಮಂದೆ ಕಾಯುವ ನಾಯಿ ಸತ್ತು ಬಿದ್ದಿತ್ತು.

“ಹಾವು ಮುಟ್ಟೈತೆ ಬುದ್ಧಿ,” ಎಂದ ಎತ್ತಪ್ಪನ ಅಪ್ಪ ಪಾಲಣ್ಣ. “ಈಗ್ತಾನೇ ಚೆನ್ನಾಗಿತ್ತು.”

ಇನ್ಸ್‌ಪೆಕ್ಟರ್ ಬಗ್ಗಿ ನಾಯಿಯನ್ನು ನೋಡಿದರು; ಹಾವು ಕಚ್ಚಿದ ಗುರುತು ಕಾಣಲಿಲ್ಲ. ಹಳ್ಳದ ಕಡೆಯಿಂದ ಮಂದೆ ಹೊಡೆದುಕೊಂಡು ಬರುತ್ತಿದ್ದ ಎತ್ತಪ್ಪನನ್ನು ಕೆಂಚಪ್ಪ ರಟ್ಟೆ ಹಿಡಿದು ತಂದ.

“ಬಾಟ್ಲಿ ಎಲ್ಲಿ?”

ಹುಡುಗ ಸುಳ್ಳು ಹೇಳಲಿಲ್ಲ. “ಹುಗಿದೀನಿ ಸಾರ್.”

“ವಿಷ ಯಾತರೊಳಗೆ ಹಾಕ್ದೆ?”

“ರಾತ್ರಿ ತೋಳ ಅರ್ಧ ತಿಂದ ಕುರಿ ಲಂಟಾನಾ ಪೊದೇಲಿ ಬಿದ್ದಿತ್ತು. ಅದ್ರೊಳಗೆ ಹಾಕ್ದೆ. ಉಳಿದಿದ್ದು ತಿನ್ನೋಕೆ ತೋಳ ವಾಪಸ್ ಬಂದೇ ಬರ್ತೈತೆ.”

ಪಾಲಣ್ಣನ ಮುಖ ಬಿಳಿಚಿಕೊಂಡಿತು. “ಅಯ್ಯೋ ಮಗನೇ! ಆ ಕುರಿ ನಾನೇ ಎತ್ಕಂಡ್ ಬಂದೆ ಕಣೋ. ಸುಲಿದು, ನಾಯಿಗೊಂದು ತುಂಡು ಎಸೆದು, ಗುಡ್ಡೆ ಪಾಲು ಹಾಕಿ, ಎಲ್ಲಾ ಮನೆಗೂ ಹಂಚಿದೀನಿ!”

ತೋಳ ಬಿಟ್ಟುಹೋದ ಕುರಿಯನ್ನು ಆ ಹಟ್ಟಿಯಲ್ಲಿ ಎಂದೂ ದಂಡ ಮಾಡುವುದಿಲ್ಲ. ಎತ್ತಪ್ಪನೂ ಅಂಥ ಪಾಲು ಉಂಡೇ ಬೆಳೆದವನು. ಮೂರು ವರ್ಷ ಹಾಸ್ಟೆಲಿನ ಅನ್ನ ತಿಂದು ಅದನ್ನು ಮರೆತೇಬಿಟ್ಟಿದ್ದ.

“ಓಡ್ರೋ!” ಇನ್ಸ್‌ಪೆಕ್ಟರ್ ಕೂಗಿದರು.

ನಾಲ್ವರೂ ನಾಲ್ಕು ದಿಕ್ಕಿಗೆ ಓಡಿದರು. ಮಡಕೆಗಳು ಅಂಗಳಕ್ಕೆ ಉರುಳಿದವು. ಹೆಂಗಸರು ಬೈದರು, ಮಕ್ಕಳು ಅತ್ತವು. ಕೊನೆಯ ಗುಡಿಸಲಿನಲ್ಲಿ ಎತ್ತಪ್ಪನ ಅಜ್ಜಿ ಮುದ್ದಕ್ಕ ಉಪ್ಪು ನೋಡಲು ಸೌಟು ಬಾಯಿಗೆ ಎತ್ತಿದ್ದಳು. ಎತ್ತಪ್ಪ ಹಾರಿ ಅದನ್ನು ಕಿತ್ತೆಸೆದ. ಬಿಸಿ ಎಸರು ಅವನ ಕೈಯನ್ನು ಸುಟ್ಟಿತು.

“ತಿಂದ್ಯಾ ಅಜ್ಜಿ? ಬಾಯಿಗೆ ಹೋಯ್ತಾ? ಹೇಳಜ್ಜಿ!”

“ಇಲ್ಲ ಕಣ್ಲಾ, ಸುಡ್ತಿತ್ತು, ಊದ್ತಾ ಇದ್ದೆ.”

ಅವನು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ನಾಯಿಯೊಂದನ್ನು ಬಿಟ್ಟು ಯಾರಿಗೂ ಏನೂ ಆಗಿರಲಿಲ್ಲ. ಹುಗಿದಿದ್ದ ಬಾಟಲಿ ಅಗೆದು ತೆಗೆದರು, ಉಳಿದ ಮಾಂಸವನ್ನು ಆಳವಾಗಿ ಹೂಳಿಸಿದರು. ಇನ್ನೊಂದು ಪಂಚನಾಮೆ ಆಯಿತು.

“ಮನೇಲಿ ಒಂದು ಮಾತು ಹೇಳಬಾರದಾಗಿತ್ತೇನೋ?” ಇನ್ಸ್‌ಪೆಕ್ಟರ್ ಎತ್ತಪ್ಪನನ್ನು ಕೇಳಿದರು.

“ಎಲ್ಲಿಂದ ತಂದೆ ಅಂತ ಕೇಳ್ತಿದ್ರು ಸಾರ್. ಕದ್ದೆ ಅಂತ ಗೊತ್ತಾದ್ರೆ ಕಾಲೇಜಿಂದ ತೆಗೀತಾರೆ. ತೋಳ ಸತ್ರೆ ಅಪ್ಪ ಓದು ಬಿಡ್ಸಲ್ಲ ಅನ್ಕಂಡೆ. ಅಷ್ಟೇ.”

ಸಂಜೆ ನಾಲ್ಕಕ್ಕೆ ದಸ್ತಗಿರಿ ಆಯಿತು. ಆ ಹಟ್ಟಿಯಿಂದ ಕಾಲೇಜು ಮೆಟ್ಟಿಲು ಹತ್ತಿದ್ದು ಅವನೊಬ್ಬನೇ. ಇನ್ಸ್‌ಪೆಕ್ಟರ್ ಬೇಡಿ ಹಾಕಿಸದೆ ಅವನನ್ನು ಜೀಪು ಹತ್ತಿಸಿದರು.

ಜೀಪು ಹೊರಡುವಾಗ ಪಾಲಣ್ಣ ಓಡಿಬಂದ. ಬೇಲಿಯ ಮೇಲಿದ್ದ ಏಪ್ರನ್ನನ್ನು ಮಡಚಿ ತಂದಿದ್ದ.

“ಬುದ್ಧಿ, ನಾಡಿದ್ದು ಪರೀಕ್ಷೆ ಅಂತೆ. ಇದಿಲ್ದೆ ಒಳಗೆ ಬಿಡಲ್ವಂತೆ. ಇನ್ಮೇಲೆ ಮಂದೆ ನಾನೇ ಕಾಯ್ತೀನಿ. ಅವ್ನು ಓದ್ಲಿ.”

ಎತ್ತಪ್ಪ ಮುಖ ಆಚೆ ತಿರುಗಿಸಿದ. ಇನ್ಸ್‌ಪೆಕ್ಟರ್ ಏಪ್ರನ್ ಈಸಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಅದಿನ್ನೂ ಬಿಸಿಲಿಗೆ ಬೆಚ್ಚಗಿತ್ತು.